ನನಗೆ ಬರುವ ಒಂದೇ ಚೀನೀ ಅಕ್ಷರ

ನಾನು ಮಿಲ್ಲು ಯಂತ್ರಗಳ ಫಿಟ್ಟರ್. ಮೂವತ್ತಮೂರು ವರ್ಷ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಎಂದು ನಾಲ್ಕು ತಾಲ್ಲೂಕು ಸುತ್ತಿ, ಅಕ್ಕಿ ಮಿಲ್ಲುಗಳ, ಮೆಕ್ಕೆಜೋಳ ಒಣಗಿಸುವ ಡ್ರೈಯರ್‌ಗಳ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡೇ ಕಳೆದೆ. ಈಗ ನಿವೃತ್ತನಾಗಿ ನಲ್ಲೂರಿನ ಮನೆಯಲ್ಲಿದ್ದೇನೆ. ನಮ್ಮ ಕಂಪನಿಗೆ ಹೊಸದಾಗಿ ಸೇರಿದ ಐಟಿಐ ಮುಗಿಸಿದವರು ನಾಲ್ಕೈದು ಜನ ಮೊನ್ನೆ ಬಂದು, ‘ನಿಮ್ಮ ಅನುಭವ ಬರ್ಕೊಡ್ರಿ ಸಾರ್, ನಮಗೆ ಬೇಕು’ ಎಂದರು. ಬೇರಿಂಗ್ ಯಾವಾಗ ಬದಲಿಸಬೇಕು, ಬೆಲ್ಟು ಎಷ್ಟು ಬಿಗಿಯಾಗಿರಬೇಕು ಎಂಬುದೆಲ್ಲ ಅವರಿಗೆ ಮೊಬೈಲಿನಲ್ಲೇ ಸಿಗುತ್ತದೆ. ಅದನ್ನು ಬರೆದು ನಾನು ಕಾಗದ ಹಾಳು ಮಾಡುವುದಿಲ್ಲ. ಒಂದೇ ಒಂದು ಅಕ್ಷರದ ವಿಷಯ ಬರೆಯುತ್ತೇನೆ. ಆ ಅಕ್ಷರದ ಬಗ್ಗೆ ನಾನು ಹೇಳಿದ ಒಂದು ಸುಳ್ಳಿನಿಂದ ಒಬ್ಬ ಹೆಣ್ಣುಮಗಳ ಕೈ ಹಾಳಾಯಿತು. ಅಂಥದ್ದು ಇನ್ನೊಬ್ಬರಿಗೆ ಆಗಕೂಡದು ಎಂದು ಹಟ ಹಿಡಿದದ್ದೇ ಆಮೇಲಿನ ನನ್ನ ನೌಕರಿ.

ಅಕ್ಷರ ಇದು: 止. ನಿಲ್ಲು, ನಿಲ್ಲಿಸು ಎಂದು ಅರ್ಥ.

ಇದನ್ನು ಮೊದಲು ಕಂಡದ್ದು ಹೊನ್ನಾಳಿಯ ಒಂದು ಮಿಲ್ಲಿನಲ್ಲಿ. ಆಗ ನಾನು ಖಾದರ್ ಮೇಸ್ತ್ರಿಯ ಕೈಕೆಳಗಿದ್ದೆ. ಖಾದರ್ ಮೇಸ್ತ್ರಿ ಅಂದರೆ ಶಬ್ದ ಕೇಳಿಯೇ ಯಂತ್ರದ ರೋಗ ಹೇಳುತ್ತಿದ್ದವರು. ಶಾಲೆಗೆ ಹೋದವರಲ್ಲ, ಆದರೆ ಅವರ ಕಿವಿಗೆ ಸಮನಾದ ಇಂಜಿನಿಯರನ್ನು ನಾನು ನೋಡಿಲ್ಲ. ಆ ಮಿಲ್ಲಿನ ಮಾಲೀಕರು ಜಪಾನಿನ ಹಳೆಯ ಯಂತ್ರವೊಂದನ್ನು ಅಗ್ಗಕ್ಕೆ ತರಿಸಿದ್ದರು. ಅದರ ಮೈಮೇಲೆ ಇಂಗ್ಲಿಷಿನ ಒಂದಕ್ಷರವೂ ಇರಲಿಲ್ಲ. ಎರಡು ಬಟನ್ನುಗಳಿದ್ದವು. ಬಿಸಿಲಿಗೋ ಹಳತಾಗಿಯೋ ಎರಡರ ಬಣ್ಣವೂ ಹೋಗಿ ಒಂದೇ ಥರ ಬೂದಿ ಬಣ್ಣಕ್ಕೆ ತಿರುಗಿದ್ದವು. ಒಂದರ ಮೇಲೆ 始動, ಇನ್ನೊಂದರ ಮೇಲೆ 停止. ಅವತ್ತಿಗೆ ನನಗೆ ಎರಡೂ ಒಂದೇ.

ಮೇಸ್ತ್ರಿ ಬೆಲ್ಟಿನ ಹತ್ತಿರ ಬಗ್ಗಿ ಏನೋ ನೋಡುತ್ತಿದ್ದರು. ಯಂತ್ರ ನಿಧಾನಕ್ಕೆ ತಿರುಗುತ್ತಿತ್ತು. ‘ನಿಲ್ಸು’ ಎಂದರು. ನಾನು ಎಡಗಡೆಯದನ್ನು ಒತ್ತಿದೆ. ಮೊದಲು ರಿಪೇರಿ ಮಾಡಿದ್ದ ಯಂತ್ರದಲ್ಲಿ ನಿಲ್ಲಿಸುವ ಬಟನ್ನು ಎಡಕ್ಕಿತ್ತು, ಅದೇ ರೂಢಿ. ಇದರಲ್ಲಿ ಎಡಕ್ಕಿದ್ದದ್ದು ಓಡಿಸುವ ಬಟನ್ನು. ಯಂತ್ರ ಜೋರಾಯಿತು. ಮೇಸ್ತ್ರಿಯ ಹೆಗಲ ಮೇಲಿದ್ದ ಟವೆಲ್ಲು ಬೆಲ್ಟಿಗೆ ಸಿಕ್ಕಿ ಕಣ್ಣು ಮಿಟುಕಿಸುವುದರೊಳಗೆ ಒಳಗೆ ಹೋಯಿತು. ಹೆಗಲ ಮೇಲೆ ಸುಮ್ಮನೆ ಇಳಿಬಿಟ್ಟಿದ್ದರಿಂದ ಬಚಾವಾದರು, ಕುತ್ತಿಗೆಗೆ ಸುತ್ತಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮೇನ್ ಸ್ವಿಚ್ಚು ತೆಗೆದು ಬಂದವರೇ ನನ್ನ ಕೆನ್ನೆಗೆ ಒಂದು ಬಿಟ್ಟರು. ಆಮೇಲೆ ಬೀಡಿ ಹಚ್ಚಿಕೊಂಡು ಹೇಳಿದರು: ‘ನಂಗೆ ಯಾವ ಅಕ್ಷರಾನೂ ಬರಲ್ಲ, ನಾನು ಕೇಳ್ಕಂಡು ಮುಟ್ತೀನಿ. ನೀನು ಓದ್ದೋನು, ನಿಂಗೆ ಓದಾಕೂ ಬರ್ಲಿಲ್ಲ, ಕೇಳಾಕೂ ಬರ್ಲಿಲ್ಲ. ಅದ್ರಲ್ಲಿ ಏನು ಬರದೈತೆ ತಿಳ್ಕೊಂಡು ಬಾ. ಅಲ್ಲೀಗಂಟ ಬಟನ್ ಮುಟ್ಟಬ್ಯಾಡ.’

ತಿಳಿದುಕೊಳ್ಳಲು ಆಗೇನು ಮೊಬೈಲಿತ್ತೇ. ನಿಲ್ಲಿಸುವ ಬಟನ್ನಿನ ಮೇಲಿದ್ದ ಎರಡಕ್ಷರವನ್ನು ಬಸ್ ಟಿಕೆಟಿನ ಹಿಂದೆ ಬರೆದುಕೊಂಡು ತಿಂಗಳುಗಟ್ಟಲೆ ಜೇಬಿನಲ್ಲಿಟ್ಟುಕೊಂಡಿದ್ದೆ. ಕಡೆಗೆ ಅದಕ್ಕೆ ಉತ್ತರ ಸಿಕ್ಕಿದ್ದು ಜಪಾನಿನಿಂದಲೇ ಒಬ್ಬರು ಬಂದಾಗ.

ಬೇರೊಂದು ಮಿಲ್ಲಿನವರು ಹೊಸ ಯಂತ್ರವನ್ನೇ ತರಿಸಿದ್ದರು. ಅದನ್ನು ಕೂರಿಸಿಕೊಡಲು ಅರವತ್ತು ದಾಟಿದ ಒಬ್ಬ ಇಂಜಿನಿಯರು ಬಂದರು. ಎಲ್ಲರೂ ‘ಜಪಾನ್ ಸಾಹೇಬ್ರು’ ಎನ್ನುತ್ತಿದ್ದರು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಸಮಸಮ ಬಡವಾಗಿದ್ದದ್ದರಿಂದ ನಮಗಿಬ್ಬರಿಗೂ ಚೆನ್ನಾಗಿ ಹೊಂದಿತು. ಎರಡನೆಯ ದಿನ ಊಟದ ಹೊತ್ತಿಗೆ ನಾನು ಟಿಕೆಟು ತೆಗೆದು ತೋರಿಸಿದೆ. ಅವರು ಎರಡನೆಯ ಅಕ್ಷರದ ಮೇಲೆ ಬೆರಳಿಟ್ಟು ಸ್ವಲ್ಪ ಯೋಚಿಸಿದರು. ಆಮೇಲೆ ಬೂಟು ಬಿಚ್ಚಿದರು, ಕಾಲುಚೀಲ ಬಿಚ್ಚಿದರು. ನೆಲದ ಮೇಲೆ ತೌಡು ತೆಳ್ಳಗೆ ಹರಡಿಕೊಂಡಿತ್ತು. ಅದರ ಮೇಲೆ ಬರಿಗಾಲನ್ನು ಒತ್ತಿ ತೆಗೆದರು.

ತೌಡಿನಲ್ಲಿ ಮೂಡಿದ ಹೆಜ್ಜೆಯ ಪಕ್ಕದಲ್ಲೇ ಬೆರಳಿನಿಂದ ಅದರ ಚಿತ್ರ ಬರೆದರು. ಹಿಮ್ಮಡಿಗೆ ಒಂದು ಗೆರೆ, ಮೇಲಕ್ಕೆ ಚಾಚಿದ ಬೆರಳುಗಳು, ಪಕ್ಕಕ್ಕೆ ಹೊರಳಿದ ಹೆಬ್ಬೆರಳು. ಮೂರು ಸಾವಿರ ವರ್ಷಕ್ಕೂ ಹಿಂದೆ ಚೀನಾದಲ್ಲಿ ಮೂಳೆಯ ಮೇಲೆ, ಆಮೆಯ ಚಿಪ್ಪಿನ ಮೇಲೆ ಇದನ್ನು ಹೀಗೇ ಕೊರೆಯುತ್ತಿದ್ದರಂತೆ. ಬರೆಯುತ್ತಾ ಬರೆಯುತ್ತಾ ಸವೆದು ಈಗಿನ ನಾಲ್ಕು ಗೆರೆಯ 止 ಆಯಿತು. ಅಂದರೆ ಅದು ಪಾದ. ನನಗೆ ಅನುಮಾನ ಬಂತು. ಪಾದ ಇರುವುದು ನಡೆಯಲಿಕ್ಕೆ, ಅದು ನಿಲ್ಲು ಹೇಗಾದೀತು ಎಂದು ಕೇಳಿದೆ. ಅವರು ಕಾಲನ್ನು ಮತ್ತೆ ತೌಡಿನ ಮೇಲಿಟ್ಟು ಅಲ್ಲೇ ಬಿಟ್ಟರು. ತೆಗೆಯಲಿಲ್ಲ. ನನ್ನ ಮುಖ ನೋಡಿದರು. ನನಗೆ ಅರ್ಥವಾಯಿತು. ಊರಿದ ಕಾಲು. ಒಂದು ಕಡೆ ಬಂದು ನೆಲೆನಿಂತವನನ್ನು ನಾವೂ ‘ಕಾಲೂರಿದ’ ಅಂತಲೇ ಅಲ್ಲವೇ ಹೇಳುವುದು. ನಡೆಯುವುದಕ್ಕೆ ಬೇರೆ ಅಕ್ಷರ ಇದೆ ಎಂದು ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆಯಿಟ್ಟು ತೋರಿಸಿದರು: 步. ಒಂದು ಪಾದ ನಿಂತರೆ ನಿಲ್ಲು, ಒಂದರ ಮುಂದೊಂದು ಬಂದರೆ ನಡೆ. ಇಷ್ಟು ಚೆಂದದ ಪಾಠ ನನಗೆ ಯಾವ ಮೇಷ್ಟ್ರೂ ಮಾಡಿರಲಿಲ್ಲ.

ಚೀನಾದವರಿಗೆ ಒಂದು ತೊಂದರೆಯಾಯಿತಂತೆ. ಪಾದದ ಅಕ್ಷರವನ್ನು ನಿಲ್ಲುವುದಕ್ಕೇ ಬಳಸುತ್ತಾ ಹೋದದ್ದರಿಂದ ಪಾದಕ್ಕೆ ಅಕ್ಷರವೇ ಇಲ್ಲದಂತಾಗಿ, ಅದರ ಪಕ್ಕಕ್ಕೆ ಕಾಲಿನ ಇನ್ನೊಂದು ಗುರುತು ಸೇರಿಸಿ 趾 ಎಂದು ಹೊಸದು ಮಾಡಿಕೊಂಡರು. ಅದಕ್ಕೀಗ ಕಾಲ್ಬೆರಳು ಎಂದು ಅರ್ಥ. ಜಪಾನಿನವರು ಅಕ್ಷರವನ್ನು ಚೀನಾದಿಂದ ತಂದುಕೊಂಡರು, ಮಾತು ಮಾತ್ರ ತಮ್ಮದೇ ಇಟ್ಟುಕೊಂಡರು. 止 ನೋಡಿ ಕೆಲವು ಪದಗಳಲ್ಲಿ ‘ಶಿ’ ಎನ್ನುತ್ತಾರೆ, ಕೆಲವು ಕಡೆ ‘ತೊಮಾರು’ ಎಂದು ತಮ್ಮ ಮನೆಮಾತಿನಲ್ಲೇ ಓದುತ್ತಾರೆ. ಅಷ್ಟೇ ಅಲ್ಲ, ಇದನ್ನೇ ಬೇಗಬೇಗ ಗೀಚಿ ಗೀಚಿ と ಎಂಬ ‘ತೊ’ ಅಕ್ಷರ ಮಾಡಿಕೊಂಡಿದ್ದಾರೆ. ಇಷ್ಟನ್ನೂ ಸಾಹೇಬರು ತೌಡಿನಲ್ಲೇ ಬರೆದು ತೋರಿಸಿದರು. ಊಟ ಮುಗಿಸಿ ಬಂದ ಹೆಂಗಸರು ಪೊರಕೆ ತಗೊಂಡು ಎಲ್ಲವನ್ನೂ ಗುಡಿಸಿ ಚೀಲಕ್ಕೆ ತುಂಬಿದರು.

ಒಂದಕ್ಷರ ಬಂದ ಮೇಲೆ ನನ್ನ ಜಂಬ ಕೇಳಬೇಡಿ. ಮುಂದೆ ಚೀನಾದ ಯಂತ್ರಗಳು ಬರತೊಡಗಿದವು. ಬೆಲೆ ಕಡಿಮೆ, ಹೊಳಪು ಜಾಸ್ತಿ. ನ್ಯಾಮತಿಗೆ ಬಂದ ಡ್ರೈಯರ್ ಜೊತೆ ಒಬ್ಬ ಇಂಜಿನಿಯರ್ ಹುಡುಗಿ ಬಂದಿದ್ದಳು, ಇಪ್ಪತ್ತೈದು ಇಪ್ಪತ್ತಾರರ ವಯಸ್ಸು. ಕೆಂಪು ಬಟನ್ನಿನ ಮೇಲೆ ಅದೇ 停止 ಕಂಡು ನಾನು ಎಲ್ಲರ ಮುಂದೆ ಗತ್ತಿನಿಂದ ‘ತೊಮಾರು’ ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಅದು ಜಪಾನಿನ ಮಾತು, ನಮ್ಮಲ್ಲಿ ಹಾಗನ್ನುವುದಿಲ್ಲ’ ಎಂದು ನಾಲಿಗೆಯನ್ನು ಮೇಲಕ್ಕೆ ಮಡಚಿ ಏನೋ ಅಂದಳು. ನನ್ನ ಕಿವಿಗೆ ‘ಜ್ರಿ’ ಎಂದು ಕೇಳಿಸಿತು. ಹತ್ತು ಸಲ ಹೇಳಿಸಿದಳು, ಹತ್ತು ಸಲವೂ ತಪ್ಪು ಹೇಳಿದೆ. ಅಕ್ಷರ ಒಂದೇ ಆದರೆ ಮಾತೂ ಒಂದೇ ಎಂದುಕೊಂಡದ್ದು ನನ್ನ ದಡ್ಡತನ.

ಈ ಅಕ್ಷರ ಬರೀ ಯಂತ್ರದ್ದಲ್ಲ ಎಂದು ತಿಳಿಸಿಕೊಟ್ಟವಳೂ ಅವಳೇ. ಬೇಡ, ಕೂಡದು ಎನ್ನುವ ಫಲಕಗಳಲ್ಲಿ 禁止 ಎಂದು ಇರುತ್ತದೆ. ನೋವು ನಿಲ್ಲಿಸುವ ಮಾತ್ರೆಯ ಮೇಲೆ, ಕೆಮ್ಮು ನಿಲ್ಲಿಸುವ ಔಷಧಿಯ ಮೇಲೆ, ರಕ್ತ ನಿಲ್ಲಿಸುವ ಪಟ್ಟಿಯ ಮೇಲೆ ಇದೇ ಪಾದ. ಯಂತ್ರದ ಬಾಗಿಲಿನ ಒಳಗಡೆ ಒಂದು ಚಿಕ್ಕ ಔಷಧಿ ಡಬ್ಬಿ ಸಿಕ್ಕಿಸಿ, ಅದರಲ್ಲಿದ್ದ ಪೊಟ್ಟಣಗಳನ್ನೆಲ್ಲ ಒಂದೊಂದಾಗಿ ತೋರಿಸಿದಳು. ಆಮೇಲೆ ಬಂದ ಎಲ್ಲ ಡ್ರೈಯರ್‌ಗಳಲ್ಲೂ ಆ ಡಬ್ಬಿ ಇರುತ್ತಿತ್ತು. ಕೆಲವು ಜೋಡಿಗಳು ಜಪಾನಿನಲ್ಲಿ ಒಂದು ಥರ, ಚೀನಾದಲ್ಲಿ ಇನ್ನೊಂದು ಥರ. 中止 ಎಂದರೆ ಜಪಾನಿನಲ್ಲಿ ಕಾರ್ಯಕ್ರಮವೇ ರದ್ದು ಎನ್ನಲೂ ಆದೀತು, ಚೀನಾದಲ್ಲಿ ನಡುವೆ ನಿಂತುಹೋಯಿತು ಎಂದಷ್ಟೇ. ಮುಂದೊಮ್ಮೆ ಕೊರಿಯಾದ ಯಂತ್ರ ಬಂತು. ಅದರಲ್ಲಿ ಅವರದೇ ಲಿಪಿ, ಗುಂಡು ಗುಂಡಗೆ ಚೌಕ ಚೌಕ. ಪಾದ ಇರಲಿಲ್ಲ. ಜೊತೆಗೆ ಬಂದವನನ್ನು ಕೇಳಿದರೆ ಅಂಗೈ ಮೇಲೆ ಯೋಚಿಸಿ ಯೋಚಿಸಿ ಬರೆದು ತೋರಿಸಿದ. ‘ಜಿ’ ಅನ್ನುತ್ತೇವೆ, ಬರೆಯುತ್ತಿದ್ದವರು ನಮ್ಮ ಅಜ್ಜ ಎಂದ. ಇನ್ನೊಂದು ಯಂತ್ರದ ಜೊತೆ ಬಂದಿದ್ದ ವಿಯೆಟ್ನಾಮಿನವನಿಗಂತೂ ಅಕ್ಷರವೇ ಗುರುತು ಸಿಗಲಿಲ್ಲ. ಅವರದು ಈಗ ಇಂಗ್ಲಿಷಿನ ಎಬಿಸಿಡಿ, ಮೇಲೆ ಕೆಳಗೆ ಚುಕ್ಕೆ ಕೊಂಬು. ಆದರೆ ನೌಕರಿಯಿಂದ ಯಾರನ್ನಾದರೂ ಸಸ್ಪೆಂಡ್ ಮಾಡಿದರೆ ಹೇಳುವ ಮಾತಿನಲ್ಲಿ ‘ಚಿ’ ಎಂದು ಅದರ ಶಬ್ದ ಇನ್ನೂ ಉಳಿದಿದೆಯಂತೆ. ಲಿಪಿ ಹೋದರೂ ಸದ್ದು ಉಳಿದಿದೆ.

ಇಷ್ಟೆಲ್ಲ ತಿಳಿದವನು ನಾನು. ಆ ಬಟನ್ನು ಏನು, ಏಕೆ ಎಂದು ನಾಲ್ಕು ತಾಲ್ಲೂಕಿನಲ್ಲಿ ನನ್ನಷ್ಟು ಗೊತ್ತಿದ್ದವರು ಇನ್ನೊಬ್ಬರಿರಲಿಲ್ಲ. ಅದಕ್ಕೇ ನಾನು ಮಾಡಿದ್ದನ್ನು ನನಗೆ ಇವತ್ತಿಗೂ ಕ್ಷಮಿಸಿಕೊಳ್ಳಲಾಗಿಲ್ಲ.

ಚೀನಾ ಡ್ರೈಯರ್‌ಗಳಲ್ಲಿ ಆ ಕೆಂಪು ಬಟನ್ನು ಅಪಾಯಕ್ಕೆಂದು ಇಟ್ಟದ್ದು. ಒತ್ತಿದರೆ ಯಂತ್ರಗಳ ಇಡೀ ಸಾಲು ಒಮ್ಮೆಗೇ ನಿಲ್ಲುತ್ತದೆ. ತುಂಬಿದ ಯಂತ್ರ ಹಾಗೆ ನಿಂತರೆ ಕಾಳು ಅಲ್ಲಲ್ಲೇ ಕಟ್ಟಿಕೊಂಡು ಬಿಡಿಸಲು ಅರ್ಧ ದಿನ ಬೇಕು. ಬಸವಾಪಟ್ಟಣದ ದಾರಿಯಲ್ಲಿದ್ದ ಒಂದು ಮಿಲ್ಲಿನ ಆಳುಗಳು ಊಟಕ್ಕೆ ಹೋಗುವಾಗ, ಟೀ ಕುಡಿಯಲು ಹೋಗುವಾಗ ಅದನ್ನೇ ಒತ್ತಿ ಹೋಗುತ್ತಿದ್ದರು. ಸುಲಭ, ಒಂದೇ ಏಟಿಗೆ ನಿಲ್ಲುತ್ತದೆ. ಮಾಲೀಕರು ಕಂಪನಿಗೆ ಫೋನು ಮಾಡಿ ಯಂತ್ರ ಸರಿಯಿಲ್ಲ ಎನ್ನುವುದು, ನಮ್ಮ ಮ್ಯಾನೇಜರು ನನಗೆ ಉಗಿಯುವುದು, ನಾನು ಬಸ್ಸು ಹತ್ತುವುದು. ವಾರದಲ್ಲಿ ಎರಡು ಸಲ ಆಯಿತು. ಬಿಡಿಸಿ ಹೇಳಿದೆ, ಯಾರೂ ಕೇಳಲಿಲ್ಲ.

ಆಯುಧಪೂಜೆಯ ದಿನ ಅಲ್ಲೇ ಇದ್ದೆ. ಯಂತ್ರಕ್ಕೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದರು. ಅಲ್ಲಿ ಕಸ ಹೊಡೆಯುವ, ಕಾಳು ತಳ್ಳುವ ಕೆಲಸಕ್ಕಿದ್ದ ಹಾಲಮ್ಮ, ಕೆರೆಬಿಳಚಿ ಕಡೆಯ ಹೆಣ್ಣುಮಗಳು, ಕೆಂಪು ಬಟನ್ನಿದ್ದ ಪ್ಯಾನೆಲ್ಲಿನ ಹತ್ತಿರ ಬಂದು ಕೇಳಿದಳು: ‘ಫಿಟ್ಟರಣ್ಣ, ಈ ಬರಹ ಏನಿದು? ದೇವ್ರದಾ?’ ನನಗೆ ಏನು ದುರ್ಬುದ್ಧಿ ಬಂತೋ, ‘ಹೂಂ ಕಣಮ್ಮ, ಚೀನಾ ದೇವರ ಮಂತ್ರ. ಶಕ್ತಿ ಇರೋದು. ಕುಂಕುಮ ಇಟ್ಟು ಕೈ ಮುಗೀರಿ. ಸುಮ್ ಸುಮ್ನೆ ಮುಟ್ಟಬ್ಯಾಡ್ರಿ’ ಎಂದುಬಿಟ್ಟೆ. ಅವಳು ಗಂಭೀರವಾಗಿ ತಲೆಯಾಡಿಸಿದಳು. ಮಾರನೆ ದಿನದಿಂದ ಬೆಳಗ್ಗೆ ಬಂದವಳೇ ಕೈ ತೊಳೆದು, ಬಟನ್ನಿನ ಮೇಲಿನ ಅಕ್ಷರಕ್ಕೆ ಕುಂಕುಮವಿಟ್ಟು ಒಂದು ಹೂವು ಸಿಕ್ಕಿಸತೊಡಗಿದಳು.

ಬಟನ್ನು ಒತ್ತುವುದು ನಿಂತೇಹೋಯಿತು. ಫೋನು ಬರುವುದೂ ನಿಂತಿತು. ಮ್ಯಾನೇಜರು ಮೊದಲ ಸಲ ನನ್ನ ಬೆನ್ನು ತಟ್ಟಿದರು. ಉಪಾಯ ಫಲಿಸಿತಲ್ಲ ಎಂದು ಇನ್ನೂ ಹತ್ತು ಮಿಲ್ಲುಗಳಲ್ಲಿ ಇದೇ ಮಾತು ಹೇಳಿದೆ. ಜಗಳೂರಿನಲ್ಲಿ ಹೇಳಿದೆ, ನ್ಯಾಮತಿಯಲ್ಲಿ ಹೇಳಿದೆ, ಹೊನ್ನಾಳಿಯಲ್ಲಿ ಹೇಳಿದೆ. ಪ್ರತಿ ಕಡೆಯೂ ಕುಂಕುಮ, ಪ್ರತಿ ಕಡೆಯೂ ಹೂವು. ನೋಡಿ ಒಳಗೊಳಗೇ ನಗುತ್ತಿದ್ದೆ.

ಎರಡು ವರ್ಷ ಕಳೆದವು. ಅದೇ ಬಸವಾಪಟ್ಟಣದ ದಾರಿಯ ಮಿಲ್ಲಿಗೆ ಜರಡಿ ಬದಲಿಸಲು ಹೋಗಿದ್ದೆ. ನಾನು ಪಕ್ಕದ ಕೋಣೆಯಲ್ಲಿದ್ದೆ. ಡ್ರೈಯರ್ ಓಡುತ್ತಿತ್ತು. ಅದರ ಬುಡದಲ್ಲಿ ಸ್ಕ್ರೂ ಇರುತ್ತದೆ, ತಗಡಿನ ತೊಟ್ಟಿಯೊಳಗೆ ಸುತ್ತುತ್ತಾ ಕಾಳನ್ನು ಮುಂದೆ ತಳ್ಳುವ ಕಬ್ಬಿಣದ ಸುರುಳಿ. ಕಾಳಿನ ಜೊತೆ ಬಂದ ಗೋಣಿ ಚೂರೊಂದು ಅದಕ್ಕೆ ಸಿಕ್ಕಿಕೊಂಡಿತ್ತು. ಹಾಲಮ್ಮ ಅದನ್ನು ಎಳೆಯಲು ಕೈ ಹಾಕಿದಳು. ಅವಳ ವಾರಗಿತ್ತಿ ನಿಂಗಮ್ಮ ಪ್ಯಾನೆಲ್ಲಿನ ಪಕ್ಕದಲ್ಲೇ ನಿಂತು ಕಾಳು ತಳ್ಳುತ್ತಿದ್ದಳು. ಕೈ ಚಾಚಿದರೆ ಕೆಂಪು ಬಟನ್ನು ಸಿಗುವಷ್ಟು ಹತ್ತಿರ.

ಕೂಗು ಕೇಳಿ ಓಡಿ ಬರುವಷ್ಟರಲ್ಲಿ ನಿಂಗಮ್ಮ ಬಾಗಿಲ ಹೊರಗೆ ಆಪರೇಟರನ್ನು ಕೂಗುತ್ತಾ ಓಡುತ್ತಿದ್ದಳು. ಸ್ಕ್ರೂ ಇನ್ನೂ ಸುತ್ತುತ್ತಿತ್ತು. ನಾನು ಬಟನ್ನಿಗೆ ಗುದ್ದಿದೆ. ಕುಂಕುಮ, ಹೂವು ಎಲ್ಲ ನನ್ನ ಅಂಗೈಗೆ ಮೆತ್ತಿಕೊಂಡವು. ಯಂತ್ರ ನಿಂತಿತು. ಸುರುಳಿಯನ್ನು ಹಿಂದಕ್ಕೆ ತಿರುಗಿಸಿ ಕೈ ಬಿಡಿಸಿದೆವು. ರಕ್ತ ನಿಲ್ಲುತ್ತಿರಲಿಲ್ಲ. ಯಂತ್ರದ ಬಾಗಿಲಿನ ಡಬ್ಬಿ ನೆನಪಾಯಿತು. ತೆಗೆದರೆ ಆರೇಳು ಪೊಟ್ಟಣ, ಎಲ್ಲದರ ಮೇಲೂ ನನಗೆ ಬಾರದ ಬರಹ. ಮಾತ್ರೆ, ಔಷಧಿ ಬಿಟ್ಟರೆ ಒಂದರ ಮೇಲೆ ಮಾತ್ರ ಪಾದ ಕಂಡಿತು: 止血. ಒಡೆದರೆ ಅಗಲದ ರಬ್ಬರ್ ಪಟ್ಟಿ. ತೋಳಿಗೆ ಬಿಗಿದು ಕಟ್ಟಿ, ಮಾಲೀಕರ ಜೀಪಿನಲ್ಲಿ ಆಸ್ಪತ್ರೆಗೆ ಹೊರಟೆವು. ಜೀವ ಉಳಿಯಿತು, ಅಂಗೈ ಉಳಿಯಿತು. ಬಲಗೈಯ ಮೂರು ಬೆರಳು ಉಳಿಯಲಿಲ್ಲ.

ಆಸ್ಪತ್ರೆಯ ಜಗುಲಿಯಲ್ಲಿ ನಿಂಗಮ್ಮ ಗೋಡೆಗೊರಗಿ ಕೂತಿದ್ದಳು. ಸಿಟ್ಟಿನಲ್ಲಿ ಕೇಳಿದೆ, ‘ಪಕ್ಕದಲ್ಲೇ ಇದ್ದೆ, ಬಟನ್ ಯಾಕೆ ಒತ್ತಲಿಲ್ಲ?’

ಅವಳು ತಲೆ ಎತ್ತಲಿಲ್ಲ. ‘ನಾನು ಹೊರಗಾಗಿದ್ದೆ ಅಣ್ಣ. ಮೂರನೇ ದಿನ. ದೇವ್ರನ್ನ ಹೆಂಗೆ ಮುಟ್ಲಿ? ಮುಟ್ಟಿದ್ರೆ ಅವಳಿಗೆ ಇನ್ನೂ ಏನಾದ್ರೂ ಆದ್ರೆ ಅಂತ ಆಪರೇಟರ್‌ನ ಕರಿಯಾಕೆ ಓಡ್ದೆ. ನೀವೇ ಹೇಳಿದ್ರಲ್ಲ, ಶಕ್ತಿ ಐತೆ ಅಂತ.’

ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತೆ. ಅವಳು ಹೆದರಿ ಓಡಿದ್ದಲ್ಲ. ವಾರಗಿತ್ತಿಯನ್ನು ಉಳಿಸಲು, ನಾನು ಹೇಳಿಕೊಟ್ಟ ಹಾಗೇ ನಡೆದುಕೊಂಡಿದ್ದಳು. ಅವತ್ತು ನಾನು ಅತ್ತೆ, ಅದನ್ನು ಬರೆಯಲು ನಾಚಿಕೆಯಿಲ್ಲ.

ಒಂದು ವಾರದಲ್ಲಿ ವಿಚಾರಣೆಗೆ ಕಾರ್ಮಿಕ ಇಲಾಖೆಯವರು ಬರುವರೆಂದು ಸುದ್ದಿ ಬಂತು. ಮಾಲೀಕರದು ಒಂದೇ ಮಾತು: ಓಡುವ ಯಂತ್ರಕ್ಕೆ ಕೈ ಹಾಕಿದ್ದು ಅವಳ ತಪ್ಪು, ಬಟನ್ನು ಸರಿಯಾಗಿಯೇ ಇತ್ತು. ತಪ್ಪು ಅವಳದೆಂದಾದರೆ ಹಾಲಮ್ಮನಿಗೆ ಪರಿಹಾರವೂ ಇಲ್ಲ, ಆ ಕೈಯಲ್ಲಿ ಬೇರೆಲ್ಲೂ ಕೆಲಸವೂ ಇಲ್ಲ. ಕಂಪನಿಯ ಕಡೆಯಿಂದ ಯಂತ್ರದ ವರದಿ ಬರೆಯಬೇಕಾದವನು ನಾನು. ಮ್ಯಾನೇಜರು ವರದಿಯನ್ನು ತಾವೇ ಟೈಪು ಮಾಡಿಸಿ ಮುಂದಿಟ್ಟರು. ಬಟನ್ನು ಕೆಲಸ ಮಾಡುತ್ತಿತ್ತು, ಕೆಲಸಗಾರಳ ಅಜಾಗರೂಕತೆ. ಕೆಳಗೆ ಸಹಿಗೆ ಜಾಗ.

‘ಇದರಲ್ಲಿ ಒಂದು ಮಾತು ಬಿಟ್ಟುಹೋಗೈತೆ ಸಾರ್’ ಎಂದೆ. ‘ಆ ಬಟನ್ ಮುಟ್ಟಬ್ಯಾಡ್ರಿ ಅಂತ ನಾನೇ ಹೇಳಿದ್ದೆ.’

ಅವರು ಎದ್ದು ಬಾಗಿಲು ಹಾಕಿ ಬಂದರು. ‘ತಲೆ ಸರಿ ಐತೇನ್ರಿ? ನಿಮ್ಮನ್ನ ಯಾರೂ ಕೇಳಿಲ್ಲ. ಅವರೇನು ನಿಮ್ಮ ಹೆಸರು ಹೇಳ್ತಾರಾ? ಅವರಿಗೆ ನಿಮ್ಮ ಮೇಲೆ ಗೌರವ ಐತೆ.’

ಆ ಮಾತೇ ನನ್ನನ್ನು ಗಟ್ಟಿ ಮಾಡಿತು. ನಿಜ, ಅವರಿಬ್ಬರೂ ನನ್ನ ಹೆಸರು ಹೇಳುತ್ತಿರಲಿಲ್ಲ. ಹಾಲಮ್ಮ ಆಗಲೇ ಆಸ್ಪತ್ರೆಯಲ್ಲಿ, ‘ನಂದೇ ತಪ್ಪು, ಕೈ ಹಾಕಬಾರ್ದಿತ್ತು’ ಎನ್ನುತ್ತಿದ್ದಳು. ನಾನು ಆ ಹಾಳೆಗೆ ಸಹಿ ಮಾಡಲಿಲ್ಲ. ಬೇರೆ ಹಾಳೆ ತೆಗೆದುಕೊಂಡು ಕನ್ನಡದಲ್ಲಿ, ನನ್ನ ಕೈಬರಹದಲ್ಲಿ, ಆಯುಧಪೂಜೆಯಿಂದ ಆಸ್ಪತ್ರೆಯ ಜಗುಲಿಯವರೆಗೆ ನಡೆದದ್ದನ್ನು ನಡೆದ ಹಾಗೇ ಬರೆದೆ. ಬಂದ ಅಧಿಕಾರಿ ಎರಡು ಸಲ ಓದಿ, ‘ಇದನ್ನ ನೀವು ಕೊಡಲೇಬೇಕಾ?’ ಎಂದು ಕೇಳಿದರು. ಕೊಡಲೇಬೇಕು ಎಂದೆ. ತಪ್ಪು ಹಾಲಮ್ಮನದಲ್ಲ ಎಂದು ಕಾಗದದ ಮೇಲೆ ಬಂತು, ಅವಳಿಗೆ ಸಿಗಬೇಕಾದ್ದು ಸಿಕ್ಕಿತು. ನನ್ನನ್ನು ಒಂದೂವರೆ ವರ್ಷ ಬಿಡಿಭಾಗಗಳ ಗೋಡೌನಿಗೆ ಹಾಕಿದರು. ಅದರ ಬಗ್ಗೆ ಹೇಳಿಕೊಳ್ಳುವಂಥದ್ದೇನಿಲ್ಲ, ಇಲಿಗಳ ಕಾಟ ಬಿಟ್ಟರೆ ಚೆನ್ನಾಗಿತ್ತು.

ಆದರೆ ಇನ್ನೂ ಹತ್ತು ಮಿಲ್ಲುಗಳಲ್ಲಿ ನನ್ನ ಸುಳ್ಳಿಗೆ ದಿನಾ ಪೂಜೆ ನಡೆಯುತ್ತಿತ್ತು. ಅದನ್ನು ಕಿತ್ತು ಹಾಕದೆ ನಾನು ನಿವೃತ್ತನಾಗುವುದಿಲ್ಲ ಎಂದು ಆವತ್ತೇ ನಿಶ್ಚಯ ಮಾಡಿದೆ. ಭಾನುವಾರ ಭಾನುವಾರ ಹೊರಡತೊಡಗಿದೆ. ಒಂದು ಡಬ್ಬಿ ಬಿಳಿ ಬಣ್ಣ, ಒಂದು ಕುಂಚ. ಬಟನ್ನಿನ ಮೇಲೆ ‘ನಿಲ್ಲಿಸಿ’ ಎಂದು ಕನ್ನಡದಲ್ಲಿ ಬರೆಯುವುದು, ಇದು ದೇವರಲ್ಲ ಎಂದು ಹೇಳುವುದು.

ಸುಳ್ಳು ಹೇಳಲು ಒಂದು ನಿಮಿಷ ಸಾಕಾಗಿತ್ತು, ಬಿಡಿಸಲು ವರ್ಷಗಳೇ ಹಿಡಿದವು. ಕುಂಕುಮ ಒರೆಸಲು ಹೋದರೆ ಹೆಂಗಸರು ಅಡ್ಡ ಬಂದರು. ಜಗಳೂರಿನ ಮಿಲ್ಲಿನಲ್ಲಿ ಹಮಾಲರ ಹಿರಿಯ ತಿಪ್ಪಣ್ಣ, ‘ಅವತ್ತು ನೀವೇ ದೇವ್ರು ಅಂದ್ರಿ, ಇವತ್ತು ನೀವೇ ಅಲ್ಲ ಅಂತೀರಿ. ಯಾವುದನ್ನ ನಂಬಾನ?’ ಎಂದ. ನ್ಯಾಯವಾದ ಪ್ರಶ್ನೆ. ನಾನು ಬೂಟು ಬಿಚ್ಚಿ, ಧೂಳಿನಲ್ಲಿ ಕಾಲೊತ್ತಿ, ಜಪಾನ್ ಸಾಹೇಬರ ಪಾಠವನ್ನೇ ಮಾಡಿದೆ. ಎಲ್ಲರೂ ಬಗ್ಗಿ ನೋಡಿದರು. ತಿಪ್ಪಣ್ಣ ಕಣ್ಣರಳಿಸಿ, ‘ಪಾದ ಅಂದ್ಮ್ಯಾಲೆ ದೇವ್ರೇ ಆತಲ್ಲ. ಮುಟ್ಟಿ ನಮಸ್ಕಾರ ಮಾಡಾಕೆ ಇರಾದು’ ಎಂದ.

ಒಂದು ಗಳಿಗೆ ಆಸೆಯಾಯಿತು. ಹೂಂ ಅಂದುಬಿಟ್ಟರೆ ಎಲ್ಲರೂ ದಿನಾ ಮುಟ್ಟುತ್ತಾರೆ, ಕೆಲಸ ಸಲೀಸು. ಆದರೆ ಒಂದು ಸುಳ್ಳಿನ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸಿದರೆ, ಅದು ಯಾವ ದಿನ ಯಾರ ಕೈ ಹಿಡಿದು ನಿಲ್ಲಿಸುತ್ತದೋ ನನಗೆ ಗೊತ್ತಿರಲಿಲ್ಲ. ಇಲ್ಲ ಎಂದೆ. ದೇವರ ಪಾದವಲ್ಲ, ನಿಮ್ಮ ನನ್ನ ಪಾದ, ಮಣ್ಣು ಮೆತ್ತಿದ್ದು ಎಂದೆ. ಯಾರೂ ಒಪ್ಪಿದ ಹಾಗೆ ಕಾಣಲಿಲ್ಲ.

ಊರಿಗೆ ಬಂದು ಹಾಲಮ್ಮನ ಮನೆಗೆ ಹೋಗಿ ನಡೆದದ್ದು ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು, ಎಡಗೈಯಲ್ಲಿ. ‘ನೀವು ಹೇಳಿದ್ರೆ ಯಾರು ಕೇಳ್ತಾರೆ? ಒಂದ್ಸಲ ಸುಳ್ಳು ಹೇಳಿದೋರು ನೀವು’ ಎಂದಳು, ಸಿಟ್ಟಿಲ್ಲದೆ, ಇದ್ದ ವಿಷಯ ಹೇಳುವ ಹಾಗೆ. ‘ಮುಂದಿನ ಭಾನುವಾರ ನಾನು ಬರ್ತೀನಿ.’

ಬಂದಳು. ಚನ್ನಗಿರಿಯಿಂದ ದಾವಣಗೆರೆ, ಅಲ್ಲಿಂದ ಜಗಳೂರು, ಎರಡು ಬಸ್ಸು. ಮಿಲ್ಲಿನಲ್ಲಿ ಹೆಂಗಸರನ್ನು ಒಂದು ಕಡೆ ಕರೆದು, ಸೆರಗಿನೊಳಗಿಂದ ಬಲಗೈ ತೆಗೆದು ತೋರಿಸಿದಳು. ‘ಎರಡು ವರ್ಷ ಇದಕ್ಕೆ ಹೂವು ಇಟ್ಟೆ. ನನ್ನ ಕೈ ಒಳಗೆ ಹೋದಾಗ ಇದು ಎದ್ದು ಬರ್ಲಿಲ್ಲ. ಒತ್ತಿದ ಮ್ಯಾಲೇ ನಿಂತಿದ್ದು. ಒಳಗಿರ್ರಿ, ಹೊರಗಿರ್ರಿ, ಬಾಣಂತಿ ಆಗಿರ್ರಿ, ಒತ್ರಿ.’ ಆಮೇಲೆ ಖಾಲಿ ಯಂತ್ರ ಓಡಿಸಿ ಒಬ್ಬೊಬ್ಬರ ಕೈ ಹಿಡಿದು ಒತ್ತಿಸಿದಳು. ಮೊದಲಿನವಳು ಕಣ್ಣು ಮುಚ್ಚಿಕೊಂಡು ಒತ್ತಿದಳು. ಐದಾರು ಜನ ಆಗುವಷ್ಟರಲ್ಲಿ ನಗು ಶುರುವಾಯಿತು. ದಿನಾ ಬೆಳಗ್ಗೆ ಕಾಳು ಬಿಡುವ ಮುಂಚೆ ಮೊದಲು ಬಂದವರು ಒಂದು ಸಲ ಒತ್ತಿ ನೋಡಬೇಕು ಎಂದು ನಿಯಮ ಮಾಡಿದೆವು. ತಿಪ್ಪಣ್ಣ ದೂರದಲ್ಲಿ ನಿಂತಿದ್ದವನು ಕಡೆಗೆ ತಾನೂ ಬಂದು ಒತ್ತಿದ. ಹತ್ತೂ ಮಿಲ್ಲನ್ನು ನಾವಿಬ್ಬರೂ ಹೀಗೇ ಸುತ್ತಿದೆವು. ಹೊನ್ನಾಳಿಯ ಒಬ್ಬ ಮಾಲೀಕರು ಒಳಗೆ ಬಿಡಲಿಲ್ಲ. ಮೂರನೆಯ ಸಲ ಹೋದಾಗ ಬಿಟ್ಟರು.

ಈಗಿನ ಯಂತ್ರಗಳಿಗೆ ಬಟನ್ನಿಗಿಂತ ಪರದೆಯೇ ಜಾಸ್ತಿ. ನಿಮ್ಮ ಮೊಬೈಲನ್ನು 停止 ಎದುರು ಹಿಡಿದರೆ ಅರ್ಥ ತಾನಾಗಿ ಬರುತ್ತದೆ, ನನ್ನ ಹಾಗೆ ಟಿಕೆಟು ಜೇಬಿನಲ್ಲಿಟ್ಟುಕೊಂಡು ತಿರುಗಬೇಕಿಲ್ಲ. ಆದರೆ ಅರ್ಥ ನಿಮಗೆ ಗೊತ್ತಾದರೆ ಸಾಲದು. ಕಾಳು ತಳ್ಳುವವರಿಗೆ ಗೊತ್ತಿರಬೇಕು, ಅವರ ಕೈಗೆ ಗೊತ್ತಿರಬೇಕು. ಯಂತ್ರ ಕೂರಿಸಿ ಸಹಿ ಹಾಕಿಸಿಕೊಳ್ಳುವ ಮುಂಚೆ ಎಲ್ಲರ ಕೈಯಲ್ಲೂ ಒಂದು ಸಲ ಒತ್ತಿಸಿ. ಮಾಲೀಕರು ಗೊಣಗಲಿ, ನಿಮ್ಮ ಮ್ಯಾನೇಜರು ಉಗಿಯಲಿ. ಉಗಿಸಿಕೊಂಡರೆ ಒರೆಸಿಕೊಳ್ಳಬಹುದು.

ನಿವೃತ್ತನಾದ ಮೇಲೆ, ಈಗ್ಗೆ ಕೆಲವು ತಿಂಗಳ ಹಿಂದೆ, ಜಗಳೂರಿನ ಆ ಮಿಲ್ಲಿನ ಮಾಲೀಕರು ಫೋನು ಮಾಡಿದರು. ಕೋಪದಲ್ಲಿದ್ದರು. ‘ಏನ್ರಿ ನೀವು ಕಲಿಸಿರಾದು? ಲೋಡ್ ಮ್ಯಾಲೆ ಯಂತ್ರ ನಿಲ್ಸಿಬಿಟ್ಟಾಳ್ರಿ, ಹೊಸದಾಗಿ ಸೇರ್ದೋಳು. ಬುಡದಿಂದ ತುದೀತನ ಕಟ್ಕಂಡೈತೆ.’

‘ಯಾಕೆ ನಿಲ್ಸಿದ್ಲಂತೆ?’ ಎಂದೆ.

‘ಯಾರದ್ದೋ ಸೆರಗು ಸ್ಕ್ರೂಗೆ ಸಿಕ್ತಂತೆ. ಒಂದು ಗೇಣು ಹರಿದೈತೆ, ಅಷ್ಟೇ. ಏನೂ ಆಗಿಲ್ಲ.’

‘ಏನೂ ಆಗಿಲ್ವಾ?’

‘ಏನೂ ಆಗಿಲ್ಲ ಅಂತೀನಲ್ರಿ. ಸುಮ್ನೆ ಇಷ್ಟಕ್ಕೆಲ್ಲ ನಿಲ್ಸಬಾರ್ದು ಅಂತ ನೀವೇ ಬಂದು ಹೇಳ್ರಿ ಅವಳಿಗೆ.’

ಮೊದಲ ಬಸ್ಸಿಗೇ ಹೋದೆ. ಆ ಹೆಣ್ಣುಮಗಳು ಒಂದು ಮೂಲೆಯಲ್ಲಿ ನಿಂತಿದ್ದಳು, ಬೈಸಿಕೊಳ್ಳಲು ತಯಾರಾಗಿ. ನಾನು ಅಂಗಿ ಬಿಚ್ಚಿಟ್ಟು, ಸ್ಕ್ರೂ ತೊಟ್ಟಿಯ ಮುಚ್ಚಳ ತೆಗೆದು, ಕಟ್ಟಿಕೊಂಡಿದ್ದ ಮೆಕ್ಕೆಜೋಳವನ್ನು ಬೊಗಸೆಯಿಂದ ತೆಗೆಯುತ್ತಾ ಕೂತೆ. ಸಂಜೆ ನಾಲ್ಕರವರೆಗೂ ತೆಗೆದೆ. ಮಾಲೀಕರ ಮುಂದೆಯೇ ಅವಳನ್ನು ಕರೆದು, ನಾಳೆ ಮತ್ತೆ ಹೀಗಾದರೂ ಒತ್ತಬೇಕು, ಕಾಳು ತೆಗೆಯಲು ನಾನು ಬರುತ್ತೇನೆ ಎಂದೆ. ಅವರು ಮುಖ ತಿರುಗಿಸಿಕೊಂಡರು, ಆದರೆ ಬೇಡ ಎನ್ನಲಿಲ್ಲ.

ಬಸ್ ಸ್ಟ್ಯಾಂಡಿಗೆ ಬಂದು ಹಾಲಮ್ಮನಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

‘ಆ ಸೆರಗಿನೋಳ ಕೈ?’ ಎಂದಳು.

‘ಎರಡೂ ಐತೆ.’

‘ಬೆರಳು?’

‘ಹತ್ತೂ ಐತೆ ಕಣಮ್ಮ. ನಾನೇ ನೋಡ್ಕಂಡು ಬಂದೆ.’

ಆಮೇಲೆ ಕೇಳಿದಳು, ‘ಬೆಳಗ್ಗಿಂದ ಕಾಳು ತೆಗ್ದೆ ಅಂತೀರಿ. ಊಟ ಮಾಡಿದ್ರಾ ಅಣ್ಣ?’